ತಳ ಹಿಡಿದ ಹೊಲೊಪ್ಚಿ

ಆ ಮಂಗಳವಾರ ಬೆಳಿಗ್ಗೆ ವೆರ್ಬಾ ಊರಿನ ಆಕಾಶದಲ್ಲಿ ಮೂರು ಸೂರ್ಯರು ಮೂಡಿದ್ದರು. ನಡುವಿನವನು ನಿಜದವನು, ಅಕ್ಕಪಕ್ಕದ ಇಬ್ಬರು ಚಳಿ ಹುಟ್ಟಿಸಿದ ಸುಳ್ಳು ಸೂರ್ಯರು. ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗೆ. ಮಾರ್ಚ್ ಅರ್ಧ ಕಳೆದಿದ್ದರೂ ಸಸ್ಕಾಚೆವಾನ್ ಪ್ರಾಂತ್ಯದ ಬಯಲಿಗೆ ಅದನ್ನು ಯಾರೂ ತಿಳಿಸಿದಂತೆ ಕಾಣಲಿಲ್ಲ. ಗಾಳಿಯ ಸುಳಿವಿಲ್ಲ. ಮನೆಮನೆಯ ಚಿಮಣಿಯ ಹೊಗೆ ಎಲ್ಲೂ ಬಳುಕದೆ ನೆಟ್ಟಗೆ ದೇವರ ಕಡೆಗೆ ಹೋಗುತ್ತಿತ್ತು.

ಪರಾಸ್ಕಜ್ಜಿ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಮೂವರು ಸೂರ್ಯರಿಗೂ ಒಂದೊಂದು ಸಲ ಶಿಲುಬೆಯ ಗುರುತು ಹಾಕಿಕೊಂಡಳು. ಯಾವುದು ನಿಜ, ಯಾವುದು ಸುಳ್ಳು ಎಂದು ವಿಚಾರಣೆ ಮಾಡಿ ಕೈಮುಗಿಯುವ ಜಾತಿಯಲ್ಲ ಅವಳು.

ಅಜ್ಜಿಗೆ ಎಪ್ಪತ್ತಾರು. ಗಂಡ ತೀರಿಕೊಂಡು ಹನ್ನೆರಡು ವರ್ಷ. ಅವಳಿಗೆ ಊರಿನಲ್ಲಿ ಇದ್ದ ಹೆಸರೆಲ್ಲ ಒಂದೇ ಒಂದು ತಿನಿಸಿನಿಂದ ಬಂದದ್ದು, ಹೊಲೊಪ್ಚಿಯಿಂದ. ಬೆಂದ ಕೋಸಿನೆಲೆಯೊಳಗೆ ಅನ್ನ, ಅಣಬೆ, ಹುರಿದ ಈರುಳ್ಳಿ ಇಟ್ಟು ಬೆರಳುದ್ದಕ್ಕೆ ಸುತ್ತಿ, ಟೊಮೆಟೊ ಗೊಜ್ಜಿನಲ್ಲಿ ಎರಡು ತಾಸು ಸಣ್ಣ ಉರಿಯಲ್ಲಿ ಬೇಯಿಸುವುದು. ಯುಕ್ರೇನಿನಿಂದ ಬಂದವರ ಮೊಮ್ಮಕ್ಕಳೇ ತುಂಬಿರುವ ಆ ಊರಿನಲ್ಲಿ ಅದನ್ನು ಮಾಡದ ಮನೆಯಿಲ್ಲ. ಆದರೆ ಪರಾಸ್ಕಜ್ಜಿಯದ್ದು ಬೇರೆ. ಯಾರಾದರೂ ಸತ್ತು, ಆ ಸಾವಿನ ಊಟಕ್ಕೆ ಅವಳ ಹೊಲೊಪ್ಚಿ ಇದೆಯೆಂದು ಗೊತ್ತಾದರೆ, ಸತ್ತವನ ವೈರಿಗಳೂ ಬಂದು ಕೂತು ಮನಸಾರೆ ಅಳುತ್ತಿದ್ದರು.

ಅವಳ ಮನೆಯಲ್ಲಿ ಎರಡು ಚಳಿಗಾಲದಿಂದ ಒಬ್ಬ ಹುಡುಗನಿದ್ದ. ಕೀಗನ್ ಲಾಲಿಬರ್ಟಿ, ಹದಿನೇಳು ವರ್ಷ, ಉತ್ತರದ ಸರೋವರದ ಕಡೆಯ ಮೆಟೀ ಎಂಬ ಮೂಲನಿವಾಸಿಗಳ ಹುಡುಗ. ಊರಿನ ಐಸ್ ಹಾಕಿ ತಂಡಕ್ಕೆ ದೂರದಿಂದ ಆಡಲು ಬಂದ ಹುಡುಗರನ್ನು ಊರಿನವರು ತಮ್ಮ ತಮ್ಮ ಮನೆಯಲ್ಲಿ ಇಟ್ಟುಕೊಂಡು ಸಾಕುವುದು ಅಲ್ಲಿನ ಪದ್ಧತಿ. ಕೀಗನ್ ನೆಲದ ಮೇಲೆ ನಡೆದರೆ ದಿನಕ್ಕೊಂದು ಲೋಟ ಒಡೆಯುತ್ತಿತ್ತು. ಅದೇ ಮಂಜುಗಡ್ಡೆಯ ಮೇಲೆ ಕಾಲಿಟ್ಟನೆಂದರೆ ಹೊಳೆಗೆ ಬಿಟ್ಟ ಮೀನು. ಅವನನ್ನು ನೋಡಲು ದೊಡ್ಡ ತಂಡದ ಕಡೆಯವರು ಒಬ್ಬರು ಈ ಸಲ ಬಂದೇ ಬರುತ್ತಾರೆ, ಕಣ್ಣಿಗೆ ಬಿದ್ದರೆ ಹುಡುಗನ ಬಾಳು ಬೆಳಗಿತು ಎಂದು ಊರಲ್ಲೆಲ್ಲ ಮಾತಿತ್ತು.

ಆ ಮಂಗಳವಾರ ಪ್ಲೇಆಫ್‌ನ ಕೊನೆಯ ಸುತ್ತಿನ ಮೊದಲ ಆಟ. ವೆರ್ಬಾದ ಬಿಳಿ ಬಾತುಗಳು ಒಂದು ಕಡೆ, ಹಾರ್ಟ್‌ವೆಲ್ ಊರಿನ ಬ್ಯಾಜರ್‌ಗಳು ಇನ್ನೊಂದು ಕಡೆ. ಏಳು ಆಟದಲ್ಲಿ ನಾಲ್ಕು ಗೆದ್ದವರಿಗೆ ಕಪ್. ಆಟದ ದಿನ ತಂಡಕ್ಕೆಲ್ಲ ಊಟ ಹಾಕುವ ಸರದಿ ಮನೆಯಿಂದ ಮನೆಗೆ ಹೋಗುತ್ತಿತ್ತು. ಅವತ್ತು ಪರಾಸ್ಕಜ್ಜಿಯ ಸರದಿ.

ಪಾತ್ರೆಯನ್ನು ಒಲೆಯ ಮೇಲಿಟ್ಟು, ಕುದಿ ಬಂದ ಮೇಲೆ ಸಣ್ಣ ಮಾಡಿದರಾಯಿತೆಂದು ಉರಿಯನ್ನು ಜೋರಾಗಿಯೇ ಬಿಟ್ಟು ಅಜ್ಜಿ ದೇವರ ಪಟದ ಮುಂದೆ ಹೋದಳು. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ. ಪ್ರಾರ್ಥನೆ ಉದ್ದ, ಹಣೆ ನೆಲಕ್ಕೆ ಮುಟ್ಟಿಸುವ ನಮಸ್ಕಾರಗಳು ಬೇರೆ. ಮೊದಲ ನಮಸ್ಕಾರಕ್ಕೆ ಸಲೀಸಾಗಿ ಬಗ್ಗಿದಳು. ಏಳಲು ಹೋದರೆ ಮಂಡಿ ಹಿಡಿದುಕೊಂಡಿತು. ಮೊದಲು ದೇವಮಾತೆಯನ್ನು ಕರೆದಳು. ಆಮೇಲೆ ನೆನಪಿದ್ದ ಸಂತರನ್ನೆಲ್ಲ ಹೆಸರು ಹಿಡಿದು ಕರೆದಳು. ಯಾರೂ ಬರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಅಭ್ಯಾಸ ಮುಗಿಸಿಕೊಂಡು ಕೀಗನ್ ಬಂದ.

"ಅಜ್ಜಿ! ನೆಲದ ಮೇಲೆ ಏನು ಹುಡುಕ್ತಿದೀಯ?"

"ದೇವರನ್ನ. ಮಂಡಿ ಹಿಡ್ಕೊಂಡಿದೆ ಕಣೋ, ಎತ್ತು!"

"ಅಜ್ಜಿ, ಏನೋ ವಾಸನೆ ಬರ್ತಿದೆ..."

"ಮೊದಲು ನನ್ನನ್ನ ಎತ್ತೋ! ವಾಸನೆ ಎಲ್ಲಿಗೂ ಓಡಿಹೋಗಲ್ಲ."

ವಾಸನೆ ನಿಜಕ್ಕೂ ಎಲ್ಲಿಗೂ ಹೋಗಲಿಲ್ಲ. ಪಾತ್ರೆಯ ತಳ ಹಿಡಿದಿತ್ತು. ಕೆಳಗಿನ ಸಾಲು ಕರಕಲು, ಮೇಲಿನದಕ್ಕೆಲ್ಲ ಸೀದ ಹೊಗೆಯ ರುಚಿ. ನಲವತ್ತೈದು ವರ್ಷದ ಅಡುಗೆಯಲ್ಲಿ ಮೊದಲ ಸಲ. ಹೊಸದಾಗಿ ಮಾಡಲು ಹೊತ್ತಿಲ್ಲ. ಬಾಗಿಲ ಬಳಿ ಆಗಲೇ ಇಪ್ಪತ್ತು ಹುಡುಗರ ಬೂಟುಗಳ ರಾಶಿ ಬೀಳುತ್ತಿತ್ತು. ಅಜ್ಜಿ ಬಡಿಸಿದಳು, ಆದರೆ ಯಾರ ಮುಖವನ್ನೂ ನೋಡಲಿಲ್ಲ. ಒಳ್ಳೆಯ ಹುಡುಗರು, ಮರ್ಯಾದೆಗೆ ಒಬ್ಬೊಬ್ಬರು ಎರಡೆರಡು ತಿಂದರು. ಗೋಲು ಕಾಯುವ ದಪ್ಪ ಹುಡುಗ ಸೋರೆನ್ ಮಾತ್ರ ಅಗಿಯುತ್ತ ಅಗಿಯುತ್ತ ಹೇಳಿದ:

"ಅಜ್ಜಿ, ಇದು ಒಂಥರಾ ಕ್ಯಾಂಪ್‌ಫೈರ್ ತಿಂದ ಹಾಗಿದೆ. ಚೆನ್ನಾಗಿದೆ."

ಭೂಮಿ ಬಾಯಿಬಿಟ್ಟರೆ ಸಾಕಿತ್ತು ಅಜ್ಜಿಗೆ. ಆದರೆ ಆ ತಿಂಗಳಲ್ಲಿ ಅಲ್ಲಿನ ಭೂಮಿ ಆರಡಿ ಆಳಕ್ಕೆ ಹೆಪ್ಪುಗಟ್ಟಿರುತ್ತದೆ.

ಸಂಜೆ ಬಿಳಿ ಬಾತುಗಳು ಏಳು ಗೋಲು ಹೊಡೆದು, ಒಂದೇ ಬಿಟ್ಟುಕೊಟ್ಟು ಗೆದ್ದವು.

ಮರುದಿನ ಬೆಳಿಗ್ಗೆ ತಂಡದ ಕೋಚ್ ಮರ್ವ್ ಟೋಪಿ ಕೈಯಲ್ಲಿ ಹಿಡಿದು ಅಜ್ಜಿಯ ಬಾಗಿಲಲ್ಲಿ ನಿಂತಿದ್ದ. ಆರಡಿ ಮೂರಂಗುಲದ ಆಳು, ಮದುವೆಗೆ ಹೆಣ್ಣು ಕೇಳಲು ಬಂದವನ ಹಾಗೆ ಹಿಂದೆ ಮುಂದೆ ನೋಡಿದ.

"ಅಜ್ಜಿ, ನಾಳೆದ್ದು ಊಟಾನೂ ನಿಮ್ಮದೇ ಆಗ್ಬೇಕು."

"ಅದಕ್ಕೇನು ಮರ್ವ್. ನಾಳೆ ಚೆನ್ನಾಗಿ ಮಾಡ್ತೀನಿ, ನೋಡು."

"ಚೆನ್ನಾಗಿ ಬೇಡ," ಎಂದ ಮರ್ವ್ ಗಾಬರಿಯಿಂದ. "ಹಾಗೇ ಮಾಡಿ."

"ಹಾಗೇ ಅಂದ್ರೆ?"

"ಹಾಗೇ. ಸೀಸಿ."

ಹಾಕಿಯವರ ಧರ್ಮಶಾಸ್ತ್ರ ಹಾಗೆ. ಪ್ಲೇಆಫ್‌ನಲ್ಲಿ ಗೆದ್ದ ದಿನ ಏನೇನು ನಡೆದಿತ್ತೋ ಅದರಲ್ಲಿ ಒಂದು ಎಳೆಯೂ ಬದಲಾಗಬಾರದು. ಯಾರೂ ಗಡ್ಡ ಬೋಳಿಸುವಂತಿಲ್ಲ. ಕೀಗನ್‌ನ ಗಲ್ಲದ ಮೇಲೆ ಹದಿನಾಲ್ಕು ಕೂದಲು ಬಂದಿತ್ತು, ಅವನ್ನೂ ಬೋಳಿಸುವಂತಿರಲಿಲ್ಲ. ಮರ್ವ್‌ನ ಟೈ ಮೇಲೆ ಚೆಲ್ಲಿದ ಸಾಸಿವೆ ಒಣಗಿ ಬಿರುಕು ಬಿಟ್ಟಿದ್ದರೂ ತೊಳೆಯುವಂತಿಲ್ಲ. ಆದ್ದರಿಂದ ಗುರುವಾರ ಹನ್ನೊಂದು ಗಂಟೆಗೆ ಅಜ್ಜಿ ಪಾತ್ರೆ ಒಲೆಯ ಮೇಲಿಟ್ಟಳು. ಪಟದ ಮುಂದೆ ಮಂಡಿಯೂರಿದಳು. ಮಂಡಿ ಚೆನ್ನಾಗಿಯೇ ಇದ್ದರೂ ಮುಕ್ಕಾಲು ಗಂಟೆ ಹಾಗೇ ಕೂತಳು. ಕೀಗನ್ ಬಂದು "ನೆಲದ ಮೇಲೆ ಏನು ಹುಡುಕ್ತಿದೀಯ" ಎಂದು ಕೇಳಿ ಎತ್ತಿದ. ಪಾತ್ರೆ ತಳ ಹಿಡಿಯಿತು. ಬಾತುಗಳು ಮತ್ತೆ ಗೆದ್ದವು.

ಊರಿನ ವಾರಪತ್ರಿಕೆಯಲ್ಲಿ ಅಜ್ಜಿಯ ಫೋಟೋ ಬಂತು, ಕೈಯಲ್ಲಿ ಕರಿ ಪಾತ್ರೆ. ಮೇಲೆ ದಪ್ಪಕ್ಷರ: "ಗೆಲುವಿನ ಗುಟ್ಟು, ನಮ್ಮ ಸೀದ ಅಜ್ಜಿ!"

ಅದನ್ನು ಮೊದಲು ಓದಿದವಳು ಡೋಕಿಯಾ. ಮೂರು ಮನೆ ಆಚೆಯವಳು. ಪರಾಸ್ಕಜ್ಜಿಗೆ ಬಾಲ್ಯದ ಗೆಳತಿ, ಆಜನ್ಮ ವೈರಿ, ಎರಡೂ. ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರೆಲ್ಲ ಸೇರಿ ಹಿಟ್ಟು ನಾದುವಾಗ ಪತ್ರಿಕೆಯನ್ನು ಎತ್ತಿ ಹಿಡಿದು ಹೇಳಿದಳು:

"ಏನೇ ಪರಾಸ್ಕಾ, ಮದುವೆಯಾದಾಗಿನಿಂದ ನಾನು ತಳ ಹಿಡಿಸ್ತಾನೇ ಬಂದಿದೀನಿ. ನನ್ನ ಫೋಟೋ ಒಂದು ದಿನಾನೂ ಯಾರೂ ಹಾಕ್ಲಿಲ್ವಲ್ಲೇ?"

ಹೆಂಗಸರೆಲ್ಲ ಹಿಟ್ಟಿನ ಮೇಲೆ ಬಿದ್ದು ನಕ್ಕರು. ಪರಾಸ್ಕಜ್ಜಿಯೂ ನಕ್ಕಳು, ಆದರೆ ಅವಳ ಹಿಟ್ಟು ಆ ಹೊತ್ತು ಸಿಕ್ಕಾಪಟ್ಟೆ ಏಟು ತಿಂದಿತು.

ಮೂರನೆಯ ಆಟ ಹಾರ್ಟ್‌ವೆಲ್‌ನಲ್ಲಿ. ಪರವೂರಿನ ಆಟಕ್ಕೆ ಈ ಶಾಸ್ತ್ರ ತಗಲುವುದಿಲ್ಲ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು ಅಜ್ಜಿ ಒಳ್ಳೆಯ ಹೊಲೊಪ್ಚಿ ಮಾಡಿ ಬಸ್ಸಿಗೆ ಕಳಿಸಿದಳು. ಆರು ಸೊನ್ನೆಯಲ್ಲಿ ಸೋತು ಬಂದರು. ಅಂಚೆ ಕಚೇರಿಯಲ್ಲಿ ಯಾರೂ ಅವಳನ್ನು ಮಾತಾಡಿಸಲಿಲ್ಲ. ಪಶ್ಚಾತ್ತಾಪದಲ್ಲಿ ನಾಲ್ಕನೆಯ ಆಟಕ್ಕೆ ಉರಿ ಹೆಚ್ಚಿಸಿದಳು. ತಿನ್ನಲು ಸುತ್ತಿಗೆ ಬೇಕಾಯಿತು. ಅದೂ ಸೋಲು. ಆಮೇಲೆ ಊರಿಗೆ ಊರೇ ಸೀಯಿಸುವ ವಿದ್ಯೆಯಲ್ಲಿ ಪಾಂಡಿತ್ಯ ಪಡೆಯಿತು. ಹಾರ್ಡ್‌ವೇರ್ ಅಂಗಡಿಯವನು ಗಂಟೆ ಬಾರಿಸುವ ಗಡಿಯಾರ ತಂದುಕೊಟ್ಟ. ನಿವೃತ್ತ ವಿಜ್ಞಾನದ ಮೇಷ್ಟ್ರು ಉರಿ ಎಷ್ಟು, ಹೊತ್ತು ಎಷ್ಟು ಎಂದು ಗೆರೆ ಎಳೆದು ನಕ್ಷೆಯನ್ನೇ ಬರೆದುಕೊಟ್ಟರು. ನಕ್ಷೆಯ ಪ್ರಕಾರ ಸೀದದ್ದನ್ನು ತಿಂದು ಐದನೆಯದನ್ನು ಗೆದ್ದರು. ಆರನೆಯದಕ್ಕೆ ಹೋಗುವಾಗ ಬಸ್ಸು ಹಿಮದಲ್ಲಿ ಹೂತು ಊಟ ತಣ್ಣಗಾಯಿತು. ತಣ್ಣಗಿನ ಸೀಕಲಿಗೆ ಮಹಿಮೆ ಇಲ್ಲವೆಂದು ಗೊತ್ತಾಯಿತು.

ಮೂರು ಮೂರು ಸಮ. ಏಳನೆಯ ಆಟ ಭಾನುವಾರ ಸಂಜೆ ನಾಲ್ಕಕ್ಕೆ, ವೆರ್ಬಾದಲ್ಲೇ. ದೊಡ್ಡ ತಂಡದ ಮನುಷ್ಯ ಅವತ್ತೇ ಬರುತ್ತಾನೆಂದು ಖಚಿತವಾಯಿತು.

ಶನಿವಾರ ಅಜ್ಜಿ ಪಾಪನಿವೇದನೆಗೆ ಹೋದಳು. ಪರದೆಯ ಆಚೆ ಫಾದರ್ ಓರೆಸ್ಟ್.

"ಫಾದರ್, ದೇವರು ಕೊಟ್ಟ ಅನ್ನಾನ ಬೇಕಂತಲೇ ಸೀಸೋದು ಪಾಪ ತಾನೇ?"

ಪರದೆಯ ಆಚೆ ಕುರ್ಚಿ ಕಿರುಗುಟ್ಟಿತು. "ಪಾಪಾನೇ ತಾಯಿ," ಎಂದರು ಫಾದರ್. "ದೊಡ್ಡದೇ."

"ಹಾಗಾದ್ರೆ ನಾಳೆ ಸೀಸಲ್ಲ."

"ಅಯ್ಯೋ, ದುಡುಕಬೇಡಿ!" ಫಾದರ್ ಪರದೆಯನ್ನೇ ಹಿಡಿದುಕೊಂಡರು. "ದೇವರು ದೀರ್ಘಶಾಂತ. ಸೋಮವಾರದವರೆಗೆ ಕಾಯ್ತಾನೆ. ಸೋಮವಾರ ಎಲ್ಲಾ ಒಟ್ಟಿಗೆ ಹೇಳಿ, ಒಟ್ಟಿಗೇ ಕ್ಷಮಿಸಿಬಿಡ್ತೀನಿ."

"ಫಾದರ್, ಇಲ್ಲಿ ಏನೋ ನಾರ್ತಿದೆ."

"ನನ್ನ ಕಾಲುಚೀಲ," ಎಂದರು ಫಾದರ್ ತಗ್ಗಿದ ದನಿಯಲ್ಲಿ. "ಮೊದಲ ಆಟದ ದಿನ ಹಾಕಿದ್ದು. ನೀವು ನಿಮ್ಮ ಕೆಲಸ ಮಾಡಿ ತಾಯಿ, ನಾನು ನನ್ನದು ಮಾಡ್ತಿದೀನಿ."

ಅಜ್ಜಿ ಅರ್ಧ ಸಮಾಧಾನದಲ್ಲಿ ಮನೆಗೆ ಬಂದಳು. ಉಳಿದರ್ಧ ಸಂಜೆ ಹೋಯಿತು. ಪಟ್ಟಣದ ರೇಡಿಯೋದಿಂದ ಫೋನು. ಜೇನಿನಂಥ ಗಂಟಲಿನ ಒಬ್ಬ ಹುಡುಗಿ.

"ಅಜ್ಜಿ, ನಮ್ಮ ಕೇಳುಗರಿಗೋಸ್ಕರ ಒಂದೇ ಪ್ರಶ್ನೆ. ನಿಮಗೆ ಅಡುಗೆ ಬರಲ್ಲ ಅಂತ ಯಾವಾಗ ಗೊತ್ತಾಯ್ತು?"

ಅಜ್ಜಿ ಫೋನನ್ನು ಮೆಲ್ಲಗೆ, ಮಲಗಿದ ಮಗುವನ್ನು ಇಳಿಸುವಷ್ಟು ಮೆಲ್ಲಗೆ, ಕೆಳಗಿಟ್ಟಳು. ಒಂದು ಜನ್ಮದ ಹೆಸರು ಹನ್ನೆರಡು ದಿನದಲ್ಲಿ ಹೊಗೆಯಾಗಿತ್ತು. ನಾಳೆ ಮತ್ತೆ ಸೀಯಿಸಿ ಗೆದ್ದರೆ ಸತ್ತ ಮೇಲೂ ಅವಳು ಸೀದ ಅಜ್ಜಿಯೇ. ಕಲ್ಲಿನ ಮೇಲೆ ಹಾಗೇ ಕೆತ್ತುತ್ತಾರೆ. ಸೀಯಿಸದೆ ಸೋತರೆ ಊರು ಉಗಿಯುತ್ತದೆ, ಅದನ್ನು ಒರೆಸಿಕೊಳ್ಳಬಹುದು. ಆದರೆ ಮೇಲಿನ ಕೋಣೆಯಲ್ಲಿ ಹದಿನಾಲ್ಕು ಕೂದಲಿನ ಗಡ್ಡ ಸವರಿಕೊಳ್ಳುತ್ತ ಮಲಗಿರುವ ಹುಡುಗನ ಗತಿ?

ಭಾನುವಾರದ ಬಲಿಪೂಜೆಯಲ್ಲಿ ಫಾದರ್ ಮೂರೇ ನಿಮಿಷದ ಪ್ರಸಂಗ ಮಾಡಿ, "ಉಳಿದದ್ದು ನಿಮಗೇ ಗೊತ್ತಿದೆ" ಎಂದು ಮುಗಿಸಿದರು. ಅಜ್ಜಿ ಆ ಮೂರು ನಿಮಿಷದಲ್ಲೇ ಒಂದು ದಾರಿ ಕಂಡುಕೊಂಡಿದ್ದಳು.

ಮನೆಗೆ ಬಂದು ಪಾತ್ರೆಯಲ್ಲಿ ಹೊಲೊಪ್ಚಿಯನ್ನು ಜೋಡಿಸಿದಳು, ತನ್ನ ಮದುವೆಯ ದಿನ ತಾಯಿ ಜೋಡಿಸಿದ ಹಾಗೆ. ಉರಿ ಸಣ್ಣ ಮಾಡಿದಳು, ಇನ್ನೂ ಸಣ್ಣ ಮಾಡಿದಳು. ಅದು ತನ್ನ ಪಾಡಿಗೆ ಜಪ ಮಾಡುವಂತೆ ಗುಳುಗುಳು ಎನ್ನತೊಡಗಿತು. ಆಮೇಲೆ ಹಳೆಯ ಬಾಣಲೆಯೊಂದನ್ನು ತೆಗೆದು, ಒಂದು ಹಿಡಿ ಅನ್ನ, ಅರ್ಧ ಈರುಳ್ಳಿ ಹಾಕಿ, ಉರಿ ಜೋರು ಮಾಡಿ, ಕಣ್ಣು ಮುಚ್ಚಿಕೊಂಡು ಕರಕಲು ಮಾಡಿದಳು. ಹೊಗೆ ಮನೆಯೆಲ್ಲ ತುಂಬಿ ಬೀದಿಗೆ ಹೋಯಿತು. ಹೋಗುವವರು ಬರುವವರು ಮೂಗರಳಿಸಿ "ಆಹಾ" ಎಂದರು. ಆ ಕರಿಪುಡಿಯನ್ನು ಪಾತ್ರೆಯ ಮೇಲ್ಭಾಗಕ್ಕೆ ಉದುರಿಸಿ ಅಜ್ಜಿ ಪಟದ ಮುಂದೆ ಮಂಡಿಯೂರಿದಳು.

"ದೇವಮಾತೆ, ನಾನು ಸುಳ್ಳು ಹೇಳ್ತಿಲ್ಲಮ್ಮ. ಒಗ್ಗರಣೆ ಹಾಕ್ತಿದೀನಿ."

ಕೀಗನ್ ಬಂದ, ಕೇಳಬೇಕಾದದ್ದನ್ನು ಕೇಳಿ ಎತ್ತಿದ. ಹುಡುಗರು ಬಂದರು. ಮೊದಲ ತುತ್ತು ಬಾಯಿಗಿಟ್ಟರು. ಸೋರೆನ್ ಕಣ್ಣು ಮುಚ್ಚಿಕೊಂಡ.

"ಅಜ್ಜಿ, ಇವತ್ತು ಸೀಸಿರೋದು ಎಲ್ಲಾ ದಿನಕ್ಕಿಂತ ಚೆನ್ನಾಗಿದೆ!"

"ಕೈ ಪಳಗಿತಲ್ಲ," ಎಂದ ಮರ್ವ್, ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸುತ್ತ.

"ಇನ್ನೊಂದೆರಡು ಹಾಕಜ್ಜಿ. ಇನ್ನೊಂದೆರಡು."

ಹನ್ನೆರಡು ದಿನದ ಉಪವಾಸ ಮುರಿದವರ ಹಾಗೆ ತಿಂದರು. ಅಜ್ಜಿಗೆ ಕಣ್ಣು ತುಂಬಿ ಬಂತು. ಹೊಗೆ ಎಂದು ಒರೆಸಿಕೊಂಡಳು. ಬಡಿಸುವ ಸಂಭ್ರಮದಲ್ಲಿ ಎರಡರ ಮೇಲೆ ನಾಲ್ಕು, ನಾಲ್ಕರ ಮೇಲೆ ನಾಲ್ಕು ಹಾಕಿದಳು. ಅವರು ನಾಲ್ಕು ಗಂಟೆಗೆ ಆಡಬೇಕಾದ ಮಕ್ಕಳು ಎಂಬುದು ಅವಳಿಗೆ ಮರೆತೇ ಹೋಯಿತು.

ನೆನಪಾದದ್ದು ನಾಲ್ಕೂ ಹತ್ತಕ್ಕೆ, ಆಟದ ರಿಂಕಿನಲ್ಲಿ.

ಊರಿನ ಎಂಟುನೂರು ಜನರಲ್ಲಿ ಎಂಟುನೂರೂ ಅಲ್ಲಿದ್ದರು. ಕೆಳಗೆ ಮಂಜುಗಡ್ಡೆ ಕನ್ನಡಿಯಂತೆ ಹೊಳೆಯುತ್ತಿತ್ತು. ಅದರ ಮೇಲೆ ಬಿಳಿ ಬಾತುಗಳು ಬಸುರಿ ಹಸುಗಳಂತೆ ತಿರುಗುತ್ತಿದ್ದವು. ಸೋರೆನ್ ಒಮ್ಮೆ ಮಂಡಿಯೂರಿ ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ತಡೆದವನು ಏಳಲಾರದೆ ಅಲ್ಲೇ ಕೂತ. ಬ್ಯಾಜರ್‌ಗಳು ಅವನ ತಲೆಯ ಮೇಲಿಂದ ಗೋಲು ಹಾಕಿದರು. ಎರಡು ಅವಧಿ ಮುಗಿಯುವಷ್ಟರಲ್ಲಿ ಮೂರು ಸೊನ್ನೆ. ಕೀಗನ್ ಪಕ್ಕಿನ ಬಳಿಗೆ ಹೋಗುವ ಮೊದಲೇ ಪಕ್ ಇನ್ನೆಲ್ಲಿಗೋ ಹೋಗಿರುತ್ತಿತ್ತು.

ಅಜ್ಜಿಯ ಬಲಕ್ಕೆ ಬೂದು ಕೋಟಿನ ಅಪರಿಚಿತನೊಬ್ಬ ತೊಡೆಯ ಮೇಲೆ ಸಣ್ಣ ಪುಸ್ತಕವಿಟ್ಟುಕೊಂಡು ಬರೆಯುತ್ತಿದ್ದ. ಹಿಂದಿನ ಸಾಲಿನಲ್ಲಿ ಡೋಕಿಯಾ. ಬೂದು ಕೋಟಿನವನು ತನ್ನಷ್ಟಕ್ಕೆ ಎಂಬಂತೆ ಹೇಳಿದ:

"ಹದಿನೇಳನೇ ನಂಬರ್ ಹುಡುಗ, ಆ ಲಾಲಿಬರ್ಟಿ, ಗಾಳಿ ಥರ ಆಡ್ತಾನೆ ಅಂದಿದ್ರು. ಇವನೇನು ರುಬ್ಬುಗುಂಡು ನುಂಗಿದ ಹಾಗೆ ಆಡ್ತಿದಾನೆ?" ಪುಸ್ತಕ ಮುಚ್ಚಿ ಜೇಬಿಗೆ ಹಾಕಿಕೊಂಡು, ಕಾರಿನ ಕೀ ತೆಗೆದ. "ಐದು ಗಂಟೆ ಕಾರು ಓಡಿಸಿಕೊಂಡು ಬಂದೆ."

ಅಜ್ಜಿ ತಿರುಗಿ ಅವನನ್ನು ನೋಡಿದಳು. ಇವನೇ ಅವನು. ಎಡಕ್ಕೂ ಬಲಕ್ಕೂ ಊರಿನವರ ಕಿವಿಗಳು. ಬಾಯಿಬಿಟ್ಟರೆ ಅಂಚೆ ಕಚೇರಿ, ಚರ್ಚು, ಅಂಗಡಿ ಎಲ್ಲ ಬಾಗಿಲೂ ಮುಚ್ಚಿದಂತೆ. ಅವಳು ಒಂದು ಕ್ಷಣ ಕಣ್ಣು ಮುಚ್ಚಿದಳು. ಆಮೇಲೆ ಅವನ ತೋಳು ಹಿಡಿದಳು.

"ಕೂತ್ಕೊಳಪ್ಪ. ತಪ್ಪು ಅವನದಲ್ಲ, ನಂದು."

"ಏನಮ್ಮ?"

"ಹನ್ನೊಂದು ತಿಂದಿದಾನೆ. ನಾನೇ ಬಡಿಸಿದ್ದು. ಎರಡು ತಿನ್ನೋ ಮಗು. ಇವತ್ತು ನಾನು ಸೀಸಲಿಲ್ಲ. ಮೇಲೆ ಕರಿಪುಡಿ ಹಾಕಿ ಎಲ್ಲರ ಕಣ್ಣಿಗೆ ಮಣ್ಣೆರಚಿದೆ. ಚೆನ್ನಾಗಿ ಮಾಡಿಬಿಟ್ಟೆ, ಅದಕ್ಕೇ ತಿಂದ್ರು. ನನ್ನ ಜಂಬಕ್ಕೆ ಹುಡುಗನ ಹೊಟ್ಟೆ ಬಲಿಯಾಯ್ತು. ಇನ್ನೊಂದು ಅವಧಿ ಇದೆ. ಅರಗೋವರೆಗೆ ಇರಪ್ಪ."

ಮುಂದಿನ ಸಾಲಿನ ನಾಲ್ಕು ತಲೆಗಳು ಒಟ್ಟಿಗೆ ತಿರುಗಿದವು. ಹಾರ್ಡ್‌ವೇರ್ ಅಂಗಡಿಯವನ ಮುಖ ಬಿಳುಚಿತು. "ಸೀಸಿಲ್ವಾ?"

ಅಷ್ಟರಲ್ಲಿ ಹಿಂದಿನಿಂದ ಡೋಕಿಯಾಳ ಕೈ ಬಂದು ಪರಾಸ್ಕಜ್ಜಿಯ ಬಾಯಿಯ ಮೇಲೆ ಕೂತಿತು. "ಸುಮ್ನಿರಿ ನೀವೆಲ್ಲ," ಎಂದಳು ಡೋಕಿಯಾ. "ವಯಸ್ಸಾಯ್ತು, ತಲೆ ಅಷ್ಟಕ್ಕಷ್ಟೇ. ಮೂರು ಮನೆ ಆಚೆ ನನ್ನ ಮನೆ. ಅಲ್ಲಿಗೇ ಹೊಗೆ ಬಂದು ನನ್ನ ಬೆಕ್ಕು ಸೀನ್ತು. ಸೀಯೋದು ಅಂದ್ರೆ ಏನು ಅಂತ ಈ ಊರಲ್ಲಿ ನನಗಿಂತ ಚೆನ್ನಾಗಿ ಯಾರಿಗ್ರಯ್ಯಾ ಗೊತ್ತು?"

ಆ ಮಾತಿಗೆ ಎದುರಾಡುವವರು ಯಾರೂ ಇರಲಿಲ್ಲ. ಡೋಕಿಯಾಳ ಊಟ ಎಲ್ಲರೂ ಉಂಡಿದ್ದರು. ತಲೆಗಳು ಮತ್ತೆ ಮುಂದಕ್ಕೆ ತಿರುಗಿದವು. ಅವಳು ಬಗ್ಗಿ ಪರಾಸ್ಕಜ್ಜಿಯ ಕಿವಿಯಲ್ಲಿ ಹೇಳಿದಳು: "ದಡ್ಡಿ. ಮಿಕ್ಕಿದೆಯೇನೇ?"

"ಐದಾರು ಇರಬೇಕು."

"ನನಗೆ ಎರಡು ಎತ್ತಿಡು."

ಬೂದು ಕೋಟಿನವನು ಕೀಯನ್ನು ಕೈಯಲ್ಲೇ ತಿರುಗಿಸುತ್ತ ಇಬ್ಬರು ಮುದುಕಿಯರನ್ನೂ ನೋಡಿದ. "ಹನ್ನೊಂದಾ?" ಎಂದ. ಏನನ್ನಿಸಿತೋ, ಕೂತ.

ಮೂರನೆಯ ಅವಧಿ ಶುರುವಾಗಿ ನಾಲ್ಕು ನಿಮಿಷವಾಗಿತ್ತು. ಎದುರಾಳಿಯ ವೇಗಕ್ಕೆ ಸಾಟಿಯಾಗಲಾರದೆ ಕೀಗನ್ ಅವನ ಕಾಲಿಗೆ ಕೋಲು ಸಿಕ್ಕಿಸಿದ. ತೀರ್ಪುಗಾರ ಎರಡು ನಿಮಿಷ ಹೊರಗೆ ಕೂರಿಸಿದ. ಶಿಕ್ಷೆಯಾದವರು ಕೂರುವ ಗಾಜಿನ ಗೂಡು, ಮೈಕಿನಲ್ಲಿ ಹೆಸರು ಕೂಗುವವನ ಮೇಜಿಗೆ ಅಂಟಿಕೊಂಡೇ ಇರುತ್ತದೆ. ಆ ಮನುಷ್ಯ ಕೀಗನ್‌ಗೆ ಗೂಡಿನ ಬಾಗಿಲು ತೆಗೆಯಲು ಮೈಕನ್ನು ಕೈಯಲ್ಲಿ ಹಿಡಿದೇ ಬಗ್ಗಿದ, ಅದನ್ನು ಬಂದ್ ಮಾಡಲು ಮರೆತಿದ್ದ. ಕೀಗನ್ ಬೆಂಚಿನ ಮೇಲೆ ಧೊಪ್ಪನೆ ಕೂತ. ಅಷ್ಟೇ. ಕೂತ ರಭಸಕ್ಕೆ ಒಳಗಿನಿಂದ ಒಂದು ತೇಗು ಹೊರಟಿತು.

ಅದನ್ನು ಕೇಳಿದವರು ಇವತ್ತಿಗೂ ವೆರ್ಬಾದಲ್ಲಿ ಇದ್ದಾರೆ. ರಿಂಕಿನ ಎಂಟು ಸ್ಪೀಕರುಗಳಿಂದ ಅದು ಒಟ್ಟಿಗೆ ಬಂತು. ಕೆಳದನಿಯಲ್ಲಿ ಶುರುವಾಗಿ, ನಡುವೆ ಒಮ್ಮೆ ತಂಗಿ, ಸಂಗೀತಗಾರ ಮೇಲಿನ ಸ್ಥಾಯಿಗೆ ಹೋಗುವಂತೆ ಏರಿ, ತಗಡಿನ ಚಾವಣಿಯ ಅಂಚಿನ ಹಿಮವನ್ನು ಉದುರಿಸಿ ನಿಂತಿತು. ಎಂಟುನೂರು ಜನ ಉಸಿರು ಹಿಡಿದರು. ಎರಡು ತಂಡವೂ ಆಟ ನಿಲ್ಲಿಸಿ ಚಾವಣಿ ನೋಡಿತು.

"ಕ್ಷಮಿಸಿ," ಎಂದ ಕೀಗನ್. ಅದೂ ಎಂಟು ಸ್ಪೀಕರಿನಲ್ಲಿ ಬಂತು.

"ದೇವರಿಗೆ ಸ್ತೋತ್ರ!" ಎಂದರು ಫಾದರ್ ಓರೆಸ್ಟ್, ಎಲ್ಲೋ ಮೇಲಿನ ಸಾಲಿನಿಂದ.

ಆಗ ಎದ್ದ ನಗೆಗೆ ಮಂಜುಗಡ್ಡೆ ಬಿರಿಯದಿದ್ದುದೇ ಹೆಚ್ಚು. ಎಲ್ಲರಿಗಿಂತ ಹೆಚ್ಚು ನಕ್ಕವನು ಬ್ಯಾಜರ್‌ಗಳ ಗೋಲಿ. ಪಾಪ, ಗೋಲು ಕಾಯುತ್ತಿದ್ದ ಅವನೂ ಹದಿನೆಂಟರ ಹುಡುಗ. ಮುಖವಾಡದೊಳಗೆ ನಗು ಸಿಕ್ಕಿಹಾಕಿಕೊಂಡು ಅವನ ಭುಜ ಕುಣಿಯುತ್ತಲೇ ಇತ್ತು. ಎರಡು ನಿಮಿಷ ಮುಗಿಸಿ ಹೊರಬಿದ್ದ ಕೀಗನ್ ಹೊಸ ಜನ್ಮ ಪಡೆದವನಂತೆ ಹಗುರಾಗಿದ್ದ. ಪಕ್ಕನ್ನು ಕೋಲಿಗೆ ಅಂಟಿಸಿಕೊಂಡು ಮೂವರನ್ನು ದಾಟಿ ಬಂದ. ಗೋಲಿ ಅವನ ಮುಖ ನೋಡಿದ; ಮತ್ತೆ ನಗು ಬಂತು; ಒಂದು ಗೋಲು. ತೇಗು ಆಕಳಿಕೆಯಂತೆ ಅಂಟುವಂಥದ್ದೋ ಏನೋ, ಬಿಳಿ ಬಾತುಗಳು ಬೆಂಚಿನ ಮೇಲೆ ಒಬ್ಬರ ಹಿಂದೆ ಒಬ್ಬರು ತೇಗಿ ಹಗುರಾಗಿ ಇಳಿದರು. ಎರಡನೆಯದು ಬಿತ್ತು. ಕೊನೆಯ ನಿಮಿಷದಲ್ಲಿ ಮೂರನೆಯದು. ಸಮ.

ಹೆಚ್ಚಿನ ಅವಧಿ. ಇನ್ನು ಮೊದಲು ಗೋಲು ಹೊಡೆದವರದ್ದೇ ಕಪ್. ಗೋಲಿ ಆ ಹೊತ್ತಿಗೆ ನಗು ನಿಲ್ಲಿಸಿ ಕಲ್ಲಿನ ಗೋಡೆಯಾಗಿದ್ದ. ಆರು ನಿಮಿಷ ಯಾರಿಗೂ ಏನೂ ದಕ್ಕಲಿಲ್ಲ. ಏಳನೆಯ ನಿಮಿಷ ಕೀ‍ಗನ್ ಗೋಲಿನ ಹಿಂದಿನಿಂದ ಸುತ್ತಿ ಬಂದ, ಎಡಕ್ಕೆ ಹೊಡೆಯುವವನಂತೆ ಭುಜ ಬಗ್ಗಿಸಿದ, ಗೋಲಿ ಎಡಕ್ಕೆ ಬಿದ್ದ, ಪಕ್ಕನ್ನು ಬಲಕ್ಕೆ ಎಳೆದು ತಾಯಿ ಮಗುವನ್ನು ತೊಟ್ಟಿಲಿಗೆ ಹಾಕುವಂತೆ ಒಳಗಿಟ್ಟ. ಅದರಲ್ಲಿ ನಗೆಯೂ ಇರಲಿಲ್ಲ, ಹೊಗೆಯೂ ಇರಲಿಲ್ಲ. ಬೂದು ಕೋಟಿನವನು ಪುಸ್ತಕ ತೆಗೆದು ಒಂದೇ ಸಾಲು ಬರೆದ. ಅಜ್ಜಿ ಓರೆಗಣ್ಣಿನಲ್ಲಿ ನೋಡಿದಳು, ಕನ್ನಡಕವಿಲ್ಲದೆ ಓದಲಾಗಲಿಲ್ಲ.

"ಆಗಸ್ಟಿನಲ್ಲಿ ನಮ್ಮ ಶಿಬಿರಕ್ಕೆ ಕಳಿಸಿಕೊಡಿ," ಎಂದ ಅವನು ಏಳುತ್ತ. "ಊಟ ನಾವೇ ಹಾಕ್ತೀವಿ. ಎರಡೇ."

ಕಪ್ ಊರೆಲ್ಲ ಸುತ್ತಿತು. ಅಂಥ ಆಟದಲ್ಲಿ ಗೆಲುವಿನ ಗೋಲಾದ ಪಕ್ ಹೊಡೆದವನಿಗೇ ಸೇರಬೇಕು, ಮೊದಲಿನಿಂದ ಬಂದ ರೂಢಿ. ಆದರೆ ಮರ್ವ್ ಅದನ್ನು ಎತ್ತಿಕೊಂಡು, ಸುತ್ತ ಬಿಳಿ ಪಟ್ಟಿ ಅಂಟಿಸಿ, "ಸೀದ ಅಜ್ಜಿಗೆ, ತಂಡದ ಪರವಾಗಿ" ಎಂದು ಬರೆದು, ಮಂಜುಗಡ್ಡೆಯ ನಡುವೆ ಅಜ್ಜಿಯನ್ನು ನಿಲ್ಲಿಸಿ ಕೈಗಿಟ್ಟ. ಎಂಟುನೂರು ಜನ ಎದ್ದು ಚಪ್ಪಾಳೆ ತಟ್ಟಿದರು. ಕೀಗನ್ ಎಲ್ಲರಿಗಿಂತ ಜೋರಾಗಿ ತಟ್ಟಿದ. ಅಜ್ಜಿ ಏನೋ ಹೇಳಲು ಬಾಯಿ ತೆರೆದಳು. ಡೋಕಿಯಾ ಬೇಲಿಯ ಆಚೆಯಿಂದ ಬೆರಳು ತುಟಿಗಿಟ್ಟು ಕಣ್ಣು ಬಿಟ್ಟಳು.

"ಏಪ್ರಿಲ್‌ನಲ್ಲಿ ಪ್ರಾಂತ್ಯದ ಕಪ್, ಅಜ್ಜಿ," ಎಂದ ಮರ್ವ್. "ಆ ಪಾತ್ರೆ ತೊಳೀಬೇಡಿ!"

ಮನೆಗೆ ಬಂದಾಗ ಬಯಲಿನ ಅಂಚಿನಲ್ಲಿ ಇನ್ನೂ ಸ್ವಲ್ಪ ಬೆಳಕಿತ್ತು. ಸೂರ್ಯ ಒಬ್ಬನೇ ಇದ್ದ, ಅವನೂ ಹೊರಟಿದ್ದ. ಅಜ್ಜಿ ಕೋಟು ಬಿಚ್ಚಿ ಒಳಗೆ ಬಂದರೆ ಕೀಗನ್ ಒಲೆಯ ಬಳಿ ನಿಂತು ಪಾತ್ರೆಗೇ ಫೋರ್ಕ್ ಹಾಕಿ ತಣ್ಣಗಿನ ಹೊಲೊಪ್ಚಿ ತಿನ್ನುತ್ತಿದ್ದ.

"ಡೋಕಿಯಾಗೆ ಎರಡು ಬಿಡೋ."

"ಬಿಟ್ಟಿದೀನಿ. ಅಜ್ಜಿ, ಇವತ್ತು ಇದು ಸೀದಿರಲಿಲ್ಲ, ಅಲ್ವಾ?"

ಅಜ್ಜಿ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಯಾರು ಹೇಳಿದ್ರು? ಡೋಕಿಯಾನಾ?"

"ಯಾರು ಹೇಳ್ಬೇಕು? ಸೀದದ್ದನ್ನ ಯಾರಾದ್ರೂ ಹನ್ನೊಂದು ತಿಂತಾರಾ?"

"ಯಾವಾಗ ಗೊತ್ತಾಯ್ತು ನಿಂಗೆ?"

"ಎರಡನೇದು ತಿನ್ನೋವಾಗ."

"ಗೊತ್ತಿದ್ದೂ ಆಡೋಕೆ ಹೋದ್ಯಾ? ಹೆದರಿಕೆ ಆಗ್ಲಿಲ್ವೇನೋ?"

"ತುಂಬಾ ಆಯ್ತು," ಎಂದ ಕೀಗನ್. "ಅದಕ್ಕೇ ಇನ್ನೂ ಒಂಬತ್ತು ತಿಂದೆ."

ಅಜ್ಜಿ ಅವನನ್ನು ನೋಡಿದಳು. ಹದಿನಾಲ್ಕು ಕೂದಲಲ್ಲಿ ಒಂದಕ್ಕೆ ಟೊಮೆಟೊ ಗೊಜ್ಜು ಮೆತ್ತಿಕೊಂಡಿತ್ತು. ಅವಳು ಕೈಚೀಲದಿಂದ ಪಕ್ಕನ್ನು ತೆಗೆದಳು. ಉಗುರಿನಿಂದ ಬಿಳಿ ಪಟ್ಟಿಯನ್ನು ಸುತ್ತಲೂ ನಿಧಾನವಾಗಿ ಬಿಡಿಸಿ ಒಲೆಯ ಪಕ್ಕದ ಕಸದ ಡಬ್ಬಿಗೆ ಹಾಕಿದಳು. ಆಮೇಲೆ ಅವನ ಕೈಯಿಂದ ಫೋರ್ಕನ್ನು ತೆಗೆದುಕೊಂಡು, ಆ ಖಾಲಿ ಅಂಗೈಯಲ್ಲಿ ಪಕ್ಕನ್ನು ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.